ಒಟ್ಟು ಮೊತ್ತಕ್ಕೆ ಸಹಿ ಹಾಕುವ ಮುನ್ನ

ಕೆಲಸದಿಂದ ಬಿಡಿಸುವಾಗ ಕಂಪನಿ ಕೊಡುವ ಸೆಟ್ಲ್‌ಮೆಂಟ್ ಹಾಳೆಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಕೊನೆಯ ಸಾಲಿನ ಒಟ್ಟು ಮೊತ್ತ. ಚೆನ್ನೈ ಹೊರವಲಯದ ಒರಗಡಂ ಕಡೆಯ ಕಾರು ಬಿಡಿಭಾಗಗಳ ಕಾರ್ಖಾನೆಯೊಂದು ನಮ್ಮ ಲೈನು ನಿಲ್ಲಿಸಿದಾಗ ನನಗೂ ಅಂಥ ಹಾಳೆ ಬಂತು. ಬೆಸೆಂಟ್ ನಗರದ ಮನೆಗೆ ತಂದು, ಹೆಂಡತಿಯ ಜೊತೆ ಕೂತು ಒಂದೊಂದೇ ಸಾಲು ಬಿಡಿಸಿ ನೋಡಿದೆ. ಮುಕ್ಕಾಲು ಪಾಲು ಆಗಲೇ ನಮ್ಮದಾಗಿದ್ದ ಹಣ: ಗ್ರಾಚ್ಯುಟಿ, ಉಳಿದ ರಜೆಯ ಸಂಬಳ, ಬಾಕಿ ಬೋನಸ್. ನಾನಾಗಿ ರಾಜೀನಾಮೆ ಕೊಟ್ಟಿದ್ದರೂ ಅದು ಬರಲೇಬೇಕಿತ್ತು. ಕೆಲಸ ಹೋದದ್ದಕ್ಕೆಂದು ಕೊಟ್ಟದ್ದು ಮಿಕ್ಕ ಕಾಲು ಪಾಲು ಮಾತ್ರ.

ಗ್ರಾಚ್ಯುಟಿ ಲೆಕ್ಕವನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು. ಕೊನೆಯ ಮೂಲ ವೇತನಕ್ಕೆ ಡಿಎ ಸೇರಿಸಿ, 26ರಿಂದ ಭಾಗಿಸಿ, 15ರಿಂದಲೂ ಸರ್ವೀಸಿನ ವರ್ಷಗಳಿಂದಲೂ ಗುಣಿಸಬೇಕು. 26,000 ರೂಪಾಯಿಗೆ 12 ವರ್ಷವಾದರೆ 1,80,000. ಅದನ್ನು ಬದಿಗಿಟ್ಟು, ಉಳಿದದ್ದರ ಮೇಲೆ ಚೌಕಾಸಿ ಮಾಡಬೇಕು. ಕಾರ್ಮಿಕರಿಗೆ ಕಾನೂನು ಹೇಳುವ ಪರಿಹಾರ, ಅಂದರೆ ವರ್ಷಕ್ಕೆ 15 ದಿನದ ಸರಾಸರಿ ವೇತನ, ಬರೀ ಕನಿಷ್ಠ. 2021ರ ಸೆಪ್ಟೆಂಬರ್‌ನಲ್ಲಿ ಫೋರ್ಡ್ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿದ ಮೇಲೆ ಇಲ್ಲೇ ಮರೈಮಲೈ ನಗರದ ಅದರ ಕಾರ್ಖಾನೆಯ ಕಾರ್ಮಿಕರು ಪಟ್ಟು ಬಿಡದೆ ಮಾತುಕತೆ ನಡೆಸಿದರು, ನಡುವೆ ಮುಷ್ಕರ ಹೂಡಿದರು. ಮರುವರ್ಷ ಪರಿಹಾರ ಸರ್ವೀಸಿನ ಪ್ರತಿ ವರ್ಷಕ್ಕೆ ಸರಾಸರಿ 130 ದಿನದ ವೇತನಕ್ಕೆ ಬಂದು ನಿಂತಿತು. 15 ಎಲ್ಲಿ, 130 ಎಲ್ಲಿ! ಅವರಿಗೆ ಯೂನಿಯನ್ ಇತ್ತು. ಬಿಡಿಭಾಗ ಮಾಡುವ ಸಣ್ಣ ಘಟಕಗಳಲ್ಲಿ ಒಬ್ಬೊಬ್ಬರನ್ನೇ ಒಳಗೆ ಕರೆದು ಹಾಳೆ ಮುಂದಿಡುತ್ತಾರೆ. ಆಗ ಅಲ್ಲೇ ಸಹಿ ಹಾಕದೆ ಮನೆಗೆ ತರುವುದೇ ದೊಡ್ಡ ಕೆಲಸ.

ಪಿಎಫ್ ಹಣವನ್ನಂತೂ ಈ ಲೆಕ್ಕಕ್ಕೆ ಸೇರಿಸಲೇಬೇಡಿ. ಅವಸರದಲ್ಲಿ ತೆಗೆಯಲೂ ಬೇಡಿ: ಹತ್ತು ವರ್ಷದ ಸರ್ವೀಸು ತುಂಬದವರು ಅದರ ಪಿಂಚಣಿ ಭಾಗವನ್ನು ತೆಗೆದುಬಿಟ್ಟರೆ ಆ ಸರ್ವೀಸು ಅಲ್ಲಿಗೇ ಮುಗಿಯಿತು. ಸ್ಕೀಮ್ ಸರ್ಟಿಫಿಕೇಟ್ ಪಡೆದರೆ ಮುಂದಿನ ಕೆಲಸದ ವರ್ಷಗಳಿಗೆ ಅದೂ ಕೂಡುತ್ತದೆ.

ನನ್ನನ್ನು ಇಂದಿಗೂ ಕಾಡುವುದು ನಮ್ಮ ಲೈನಿನ ಕಾಂಟ್ರಾಕ್ಟ್ ಹುಡುಗರು. ಅವರಿಗೆ ಹಾಳೆಯೇ ಬರಲಿಲ್ಲ. ಗೇಟ್ ಪಾಸ್ ನಿಂತಿತು, ಅಷ್ಟೇ. ಇಎಸ್‌ಐ ಕಟ್ಟಿದವರಿಗೆ ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆ ಎಂಬುದಿದೆ ಎಂದು ಅವರಲ್ಲಿ ಹೆಚ್ಚಿನವರಿಗೆ ಯಾರೂ ಹೇಳಿರಲಿಲ್ಲ. 2020ರಲ್ಲಿ ಅದರ ನೆರವನ್ನು ದಿನದ ಸರಾಸರಿ ವೇತನದ ಕಾಲು ಭಾಗದಿಂದ ಅರ್ಧಕ್ಕೆ ಏರಿಸಿದರು, ಗರಿಷ್ಠ 90 ದಿನಕ್ಕೆ. ನಿಮ್ಮ ಪರಿಚಯದ ಹುಡುಗರಲ್ಲಿ ಯಾರ ಕೆಲಸವಾದರೂ ಹೋಗಿದ್ದರೆ, ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ ಹಿಡಿದು ಹತ್ತಿರದ ಇಎಸ್‌ಐ ಶಾಖಾ ಕಚೇರಿಯಲ್ಲಿ ಈ ಯೋಜನೆಯ ಹೆಸರು ಹೇಳಿಯೇ ವಿಚಾರಿಸಲಿ.