ಕರಡಿಗೆ ಕೊಟ್ಟ ಮುಂಗಡ

2020ರ ಏಪ್ರಿಲ್‌ನಲ್ಲಿ ವಿದೇಶದ ಬೇಟೆಗೆ ಮುಂಗಡ ಕಟ್ಟಿದ್ದ ಅಮೆರಿಕದ ಬೇಟೆಗಾರರಿಗೆಲ್ಲ ಹೆಚ್ಚುಕಡಿಮೆ ಒಂದೇ ಥರದ ಇ-ಮೇಲ್ ಬಂತು. ಮೊದಲ ಪ್ಯಾರಾದಲ್ಲಿ ಮನೆಯವರೆಲ್ಲ ಕ್ಷೇಮವೇ ಎಂಬ ವಿಚಾರಣೆ. ಎರಡನೆಯದರಲ್ಲಿ ಕೋವಿಡ್‌ನಿಂದ ಗಡಿ ಮುಚ್ಚಿರುವ ಸಂಗತಿ. ಮೂರನೆಯದರಲ್ಲಿ, ಬಹಳ ಮೆತ್ತಗೆ, ನಿಮ್ಮ ಮುಂಗಡ ನಮ್ಮಲ್ಲಿ ಭದ್ರವಾಗಿದೆ, ಅದನ್ನು ಮುಂದಿನ ವರ್ಷಕ್ಕೆ ವರ್ಗಾಯಿಸಿದ್ದೇವೆ. ನನಗೆ ಇದು ಬಂದದ್ದು ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದಲ್ಲಿ ಕರಡಿ ಬೇಟೆಯ ಕ್ಯಾಂಪ್ ನಡೆಸುವ ಗಂಡ-ಹೆಂಡತಿಯಿಂದ. ವರ್ಗಾಯಿಸಬಹುದೇ ಎಂದು ಅವರು ಕೇಳಿರಲಿಲ್ಲ. ಆಗಿಹೋಗಿದೆ ಎಂದು ತಿಳಿಸಿದ್ದರು, ಅಷ್ಟೇ.

ಊರಿನವರು ಹುಬ್ಬೇರಿಸುವ ಮೊದಲೇ ಹೇಳಿಬಿಡುತ್ತೇನೆ. ಕೈಲ್ ಮುಹೂರ್ತಕ್ಕೆ ಕೋವಿಗೆ ಹೂವಿಟ್ಟು ಪೂಜೆ ಮಾಡುವ ಕೊಡಗಿನಲ್ಲಿ ಬೆಳೆದವನಾದರೂ ನಾನು ಅಲ್ಲಿ ಬೇಟೆಯಾಡಿದವನಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಹುಟ್ಟಿದವನಿಗೆ ಆ ಮಾತೇ ಇರಲಿಲ್ಲ. ಕೋವಿ ಹಿಡಿದು ಕಾಡಿಗೆ ಹೋದದ್ದು ಮಿನ್ನೆಸೋಟಾಕ್ಕೆ ಬಂದು, ನವೆಂಬರ್ ಬಂತೆಂದರೆ ಅರ್ಧ ಆಫೀಸು ಜಿಂಕೆ ಬೇಟೆಗೆ ರಜೆ ಹಾಕುವುದನ್ನು ನೋಡಿದ ಮೇಲೆ. ಇಲ್ಲಿ ಪರವಾನಗಿ, ಒಂದೊಂದು ಪ್ರಾಣಿಗೆ ಒಂದೊಂದರಂತೆ ಕೊಡುವ ಟ್ಯಾಗ್, ಋತು ಎಲ್ಲವೂ ಸರ್ಕಾರದ ಲೆಕ್ಕಕ್ಕೆ ಒಳಪಟ್ಟದ್ದು. ಬೇಟೆ ಸರಿಯೋ ತಪ್ಪೋ ಎಂಬ ಜಗಳ ನಮ್ಮ ಮನೆಯೊಳಗೇ ಇನ್ನೂ ಮುಗಿದಿಲ್ಲ, ಅದನ್ನು ಈ ಅಂಕಣಕ್ಕೆ ತರುವುದಿಲ್ಲ. ಇಲ್ಲಿ ಮಾತು ದುಡ್ಡಿನದು.

ಮ್ಯಾನಿಟೋಬಾದಲ್ಲಿ ಹೊರದೇಶದವನು ತನ್ನ ಪಾಡಿಗೆ ತಾನು ಹೋಗಿ ಕರಡಿ ಬೇಟೆಯಾಡುವಂತಿಲ್ಲ. ಪರವಾನಗಿ ಇರುವ ಔಟ್‌ಫಿಟರ್ ಮೂಲಕವೇ ಹೋಗಬೇಕು. ಕ್ಯಾಂಪು, ಊಟ, ದೋಣಿ, ಗೈಡು ಎಲ್ಲ ಅವನದು. ಅವನಿಗೆ ಇಂತಿಷ್ಟೇ ಟ್ಯಾಗ್ ಎಂದು ಪ್ರಾಂತ್ಯ ಸರ್ಕಾರ ಹಂಚಿಕೊಟ್ಟಿರುತ್ತದೆ. ಈ ವರ್ಷ ಖಾಲಿಬಿದ್ದ ಲಾಡ್ಜ್‌ನವನು ಮುಂದಿನ ವರ್ಷ ನಾಲ್ಕು ಕೊಠಡಿ ಹೆಚ್ಚು ಕಟ್ಟಿಸಬಹುದು. ಇವನು ನಾಲ್ಕು ಟ್ಯಾಗ್ ಹೆಚ್ಚು ತರಲಾರ. 2020ರ ಗಿರಾಕಿಗಳನ್ನೆಲ್ಲ 2021ಕ್ಕೆ ತಳ್ಳಿದರೆ 2021ರಲ್ಲಿ ಹೊಸ ಗಿರಾಕಿಗೆ ಜಾಗವಿಲ್ಲ. ಹೊಸ ಗಿರಾಕಿ ಇಲ್ಲವೆಂದರೆ ಹೊಸ ಮುಂಗಡವೂ ಇಲ್ಲ. ಹಳೆಯ ಮುಂಗಡವೋ ಆಗಲೇ ಕರಗಿಹೋಗಿದೆ: ದೋಣಿಯ ಎಂಜಿನ್ ರಿಪೇರಿ, ವಿಮೆಯ ಕಂತು, ಗೈಡುಗಳಿಗೆ ಕೊಟ್ಟ ಕೈಸಾಲ, ಚಳಿಗಾಲದಲ್ಲೇ ತಂದು ಪೇರಿಸಿಟ್ಟ, ಕರಡಿಗೆ ಒಡ್ಡುವ ಎರೆ. ಹಾಗಾಗಿ 'ಭದ್ರವಾಗಿದೆ' ಎಂದು ಓದಿದಾಗ ನಗು ಬಂತು. ಭದ್ರವಾಗಿದ್ದದ್ದು ಎಂಜಿನ್ನಿನೊಳಗೆ.

ಕೊಡಗಿನಲ್ಲಿ ಕರಿಮೆಣಸು ಬಳ್ಳಿಯಲ್ಲಿ ಇನ್ನೂ ಹಸಿರಾಗಿರುವಾಗಲೇ ವ್ಯಾಪಾರಿ ಬಂದು ಬೆಳೆಗಾರನ ಕೈಗೆ ಮುಂಗಡ ಇಟ್ಟು ಹೋಗುವುದುಂಟು. ಮೆಣಸು ಕೊಂಡುಬಿಟ್ಟೆ ಎಂದು ಆ ವ್ಯಾಪಾರಿ ತಿಳಿಯುವುದಿಲ್ಲ, ಸಾಲ ಕೊಟ್ಟಿದ್ದೇನೆ ಎಂದೇ ತಿಳಿಯುತ್ತಾನೆ. ಅದಕ್ಕೇ ತೋಟಕ್ಕೆ ಹೋಗಿ ಬಳ್ಳಿ ನೋಡುತ್ತಾನೆ. ಈ ಬೆಳೆಗಾರನಿಗೆ ಬೇರೆ ಯಾರ ಬಾಕಿ ಇದೆ ಎಂದು ಪೇಟೆಯಲ್ಲಿ ವಿಚಾರಿಸುತ್ತಾನೆ. ಆವತ್ತಿನ ದರಕ್ಕೇ ಮಾತು ಮುಗಿಸಲು ನೋಡುತ್ತಾನೆ. ವಿದೇಶದ ಬೇಟೆಗೋ ಪ್ರವಾಸಕ್ಕೋ ಮುಂಗಡ ಕಟ್ಟುವ ನಾವು ಮಾತ್ರ ನಮ್ಮನ್ನು ಗಿರಾಕಿ ಎಂದುಕೊಂಡು ಸುಮ್ಮನಿರುತ್ತೇವೆ. ತಾರೀಖು ಮುಂದಕ್ಕೆ ಹೋಯಿತೆಂದರೆ ಆ ಹಣ ಅಡಮಾನವಿಲ್ಲದ ಸಾಲ, ಅದರ ವಾಯಿದೆಯನ್ನು ನಾವೇ ಇನ್ನೊಂದು ವರ್ಷಕ್ಕೆ ಬೆಳೆಸಿಕೊಟ್ಟಿದ್ದೇವೆ. ಒಪ್ಪಬೇಕೋ ಬಿಡಬೇಕೋ ಎಂಬುದನ್ನು ಸಾಲ ಕೊಟ್ಟವನಂತೆ ಯೋಚಿಸಿ ತೀರ್ಮಾನಿಸಬೇಕು ಎಂಬುದು ನನ್ನ ವಾದ.

ವಾಯಿದೆ ಎಷ್ಟು ಉದ್ದವಾಗಬಹುದು ಎಂಬುದೇ ಆಗ ಯಾರಿಗೂ ಗೊತ್ತಿರಲಿಲ್ಲ. ಅಮೆರಿಕ-ಕೆನಡಾ ಗಡಿ ಅನಗತ್ಯ ಪ್ರಯಾಣಕ್ಕೆ ಮುಚ್ಚಿದ್ದು 2020ರ ಮಾರ್ಚ್ 21ರಂದು, ಒಂದು ತಿಂಗಳ ಮಟ್ಟಿಗೆ. ಆಮೇಲೆ ತಿಂಗಳು ತಿಂಗಳೂ ಇನ್ನೊಂದು ತಿಂಗಳು ಎನ್ನುತ್ತ, ಲಸಿಕೆ ಪೂರ್ತಿ ಪಡೆದ ಅಮೆರಿಕನ್ನರಿಗೆ ಕೆನಡಾ ಬಾಗಿಲು ತೆಗೆದದ್ದು 2021ರ ಆಗಸ್ಟ್ 9ಕ್ಕೆ. ಒಂದೇ ಗಡಿ, ಒಂದೇ ಬೀಗ. ಆದರೆ ನಷ್ಟ ಒಂದೇ ಅಲ್ಲ. ಸೆಪ್ಟೆಂಬರ್‌ನಲ್ಲಿ ಮೂಸ್ ಬೇಟೆಗೆ ಕಟ್ಟಿದ್ದವನು ಒಂದು ಋತು ಕಳೆದುಕೊಂಡ. ವಸಂತದ ಕರಡಿಗೆ, ಅಂದರೆ ಏಪ್ರಿಲ್ ಕೊನೆಯಿಂದ ಜೂನ್ ತನಕದ ಋತುವಿಗೆ ಕಟ್ಟಿದ್ದ ನನ್ನಂಥವರು ಎರಡು ಕಳೆದುಕೊಂಡೆವು. ನ್ಯೂಜಿಲೆಂಡ್‌ಗೆ ಕಟ್ಟಿದ್ದವರ ಪಾಡು ಇನ್ನೂ ಹೀನ. ಗಂಡು ಕೆಂಪು ಜಿಂಕೆಗಳು ಕೂಗುವ ಕಾಲ ಅಲ್ಲಿ ಮಾರ್ಚ್ ಕೊನೆ ಮತ್ತು ಏಪ್ರಿಲ್, ಗಿರಾಕಿಗಳು ಹೋಗುವುದೇ ಅದಕ್ಕೆ. ಆ ದೇಶ 2020ರ ಮಾರ್ಚ್ 19ಕ್ಕೆ ಮುಚ್ಚಿತು, ಅಮೆರಿಕದ ಪ್ರವಾಸಿಗಳಿಗೆ ತೆರೆದದ್ದು 2022ರ ಮೇ 2ಕ್ಕೆ. ಮೂರು ಋತು ಹೋದವು, ಮೂರನೆಯದು ಕೂದಲೆಳೆಯಲ್ಲಿ.

ನನ್ನ ಲೆಕ್ಕಕ್ಕೆ ಬರುತ್ತೇನೆ. ಒಟ್ಟು ದರ 5,000 ಕೆನಡಾ ಡಾಲರ್. ಅರ್ಧ ಮುಂಗಡವನ್ನು 2019ರಲ್ಲೇ ಚೆಕ್ಕಿನಲ್ಲಿ ಕೊಟ್ಟಿದ್ದೆ. ಈ ಧಂದೆಯಲ್ಲಿ ಅನೇಕರು ಕಾರ್ಡ್ ಒಲ್ಲೆ ಎನ್ನುತ್ತಾರೆ, ಅದರ ಶುಲ್ಕ ಅವರಿಗೆ ಭಾರ. ಕಾರ್ಡ್‌ನಲ್ಲಿ ಕೊಟ್ಟಿದ್ದರೆ, ಸೇವೆ ಸಿಗಲಿಲ್ಲ ಎಂದು ಬ್ಯಾಂಕಿಗೆ ತಕರಾರು ಹಾಕಲು ಒಂದು ದಾರಿ ಇರುತ್ತಿತ್ತು. ಅದಕ್ಕೂ ಗಡುವುಗಳುಂಟು, ಹೊಸ ತಾರೀಖಿಗೆ ಒಪ್ಪಿ ಸಹಿ ಮಾಡಿದ ಮೇಲೆ ಆ ತಕರಾರು ನಿಲ್ಲುವುದೂ ಕಷ್ಟ. ಚೆಕ್ಕಿಗೆ ಅಷ್ಟೂ ಇಲ್ಲ.

ಪ್ರಯಾಣ ವಿಮೆಯ ಬಗ್ಗೆ ಆಗ ಆಫೀಸಿನಲ್ಲಿ ದಿನವೂ ಚರ್ಚೆ. ಸಾಮಾನ್ಯ ಪಾಲಿಸಿ ಕಾಯಿಲೆ, ಸಾವು, ಬಿರುಗಾಳಿ ಎಂದು ಕಾರಣಗಳನ್ನು ಪಟ್ಟಿ ಮಾಡಿರುತ್ತದೆ. ಸರ್ಕಾರ ಗಡಿ ಮುಚ್ಚುವುದು ಬಹುತೇಕ ಪಟ್ಟಿಗಳಲ್ಲಿ ಇರಲಿಲ್ಲ. ಯಾವ ಕಾರಣಕ್ಕಾದರೂ ರದ್ದು ಮಾಡಬಹುದು ಎನ್ನುವ ದುಬಾರಿ ಪಾಲಿಸಿ ಬೇರೆ ಇದೆ. ಅದು ಸಾಮಾನ್ಯವಾಗಿ ಶೇ 50ರಿಂದ 75ರಷ್ಟು ವಾಪಸು ಕೊಡುತ್ತದೆ, ಆದರೆ ಮೊದಲ ಕಂತು ಕಟ್ಟಿದ ಎರಡು-ಮೂರು ವಾರದೊಳಗೆ ಕೊಂಡಿರಬೇಕು. ಕ್ಯಾಂಪಿಗೆ ಹೊರಟಿದ್ದ ನಮ್ಮ ಗುಂಪಿನಲ್ಲಿ ಯಾರ ಬಳಿಯೂ ಅದು ಇರಲಿಲ್ಲ. ಇದ್ದರೂ, ಔಟ್‌ಫಿಟರ್ ಕೊಟ್ಟ ಬದಲಿ ತಾರೀಖನ್ನು ಒಪ್ಪಿಕೊಂಡವನಿಗೆ ನಷ್ಟವೇ ಆಗಿಲ್ಲ ಎಂದು ವಿಮೆಯವರು ವಾದಿಸುತ್ತಾರೆ. ಅವರ ವಾದದಲ್ಲಿ ತಪ್ಪಿಲ್ಲ ಎಂದೇ ನನ್ನ ಅಭಿಪ್ರಾಯ, ಕೇಳಲು ಹಿತವಾಗಿಲ್ಲ ಅಷ್ಟೇ.

ಹಾಗಾಗಿ ಫೋನ್ ಮಾಡಿದೆ. ಗಂಡ ಕಾಡಿನ ಮನುಷ್ಯ, ದುಡ್ಡಿನ ಮಾತು ಬಂದರೆ ಫೋನನ್ನು ಹೆಂಡತಿಯ ಕೈಗೆ ಕೊಟ್ಟುಬಿಡುತ್ತಾನೆ. ಆಕೆಗೆ ನಾನು ಕೇಳಿದ್ದು ಮೆಣಸಿನ ವ್ಯಾಪಾರಿಯ ಪ್ರಶ್ನೆಗಳನ್ನೇ. ಟ್ಯಾಗ್‌ಗಳ ಹಂಚಿಕೆ ನಿಮ್ಮ ಹೆಸರಿನಲ್ಲಿದೆಯೋ ಬೇರೆಯವರಿಂದ ಪಡೆದದ್ದೋ? ಮುಂದಿನ ವಸಂತಕ್ಕೆ ನನಗಿಂತ ಮುಂದೆ ಸಾಲಿನಲ್ಲಿ ಎಷ್ಟು ಜನ? ಕ್ಯಾಂಪ್ ಮಾರಿದರೆ ಕೊಂಡವರು ನನ್ನ ಮುಂಗಡಕ್ಕೆ ಹೊಣೆಯೋ? ಬ್ಯಾಂಕಿಗೆ ಎಷ್ಟು ಬಾಕಿ? ಕೊನೆಯದನ್ನು ಕೇಳುವಾಗ ಸಂಕೋಚವಾಯಿತು. ನಮ್ಮ ಕಡೆ ಗಂಡಸರು ಅಂಗಡಿಯಲ್ಲಿ ಕೂತು ಲೋಕದ ಸಾಲವನ್ನೆಲ್ಲ ಮಾತಾಡುತ್ತಾರೆ, ಎದುರಿಗೆ ಕೂತವನ ಸಾಲ ಬಿಟ್ಟು.

ಆಕೆ ಬೇಸರಿಸಲಿಲ್ಲ. ಹಂಚಿಕೆ ತಮ್ಮದೇ. ಕೆನಡಾ ಸರ್ಕಾರ ಸಣ್ಣ ವ್ಯಾಪಾರಗಳಿಗೆ ಕೊಡುತ್ತಿದ್ದ ಬಡ್ಡಿಯಿಲ್ಲದ ತುರ್ತು ಸಾಲ 40,000 ಡಾಲರ್ ತೆಗೆದುಕೊಂಡಿದ್ದೇವೆ ಎಂದಳು. ಆ ಮಿತಿ 2020ರ ಡಿಸೆಂಬರ್‌ನಲ್ಲಿ 60,000ಕ್ಕೆ ಏರಿತು; ಗಡುವಿನೊಳಗೆ ತೀರಿಸಿದರೆ ಒಂದು ಭಾಗ ಮನ್ನಾ. ಚಳಿಗಾಲದಲ್ಲಿ ಗಂಡ ರಸ್ತೆಯ ಹಿಮ ತೆಗೆಯುವ ಗುತ್ತಿಗೆ ಮಾಡುತ್ತಾನೆ, ಅದು ನಿಂತಿಲ್ಲ. ಇಷ್ಟು ಕೇಳಿದ ಮೇಲೆ ಸಾಲ ಮುಂದುವರಿಸಲು ಅಡ್ಡಿಯಿಲ್ಲ ಅನಿಸಿತು. ಬದಲಿಗೆ ನನಗೆ ಬೇಕಾದ್ದನ್ನು ಬರವಣಿಗೆಯಲ್ಲಿ ಕೇಳಿದೆ: ಗಡಿ ಯಾವಾಗ ತೆರೆದರೂ ದರ 2020ರದ್ದೇ, ಉಳಿದ ಅರ್ಧವನ್ನು ಗಡಿ ದಾಟಿ ಕ್ಯಾಂಪ್ ತಲುಪಿದ ಮೇಲೆ ಕೊಡುವುದು, ನನಗಾಗಲಿ ಜೊತೆಯವರಿಗಾಗಲಿ ಬರಲಾಗದಿದ್ದರೆ ಜಾಗವನ್ನು ಬೇರೆಯವರಿಗೆ ವರ್ಗಾಯಿಸುವ ಹಕ್ಕು. ಎರಡು ಸಾಲಿನ ಇ-ಮೇಲ್‌ನಲ್ಲಿ ಮೂರಕ್ಕೂ ಒಪ್ಪಿಗೆ ಬಂತು.

ದರ ಹಿಡಿದಿಟ್ಟದ್ದು ಯಾಕೆಂದರೆ, ಇಂಥ ಸಾಲದಲ್ಲಿ ಬಡ್ಡಿ ಸಿಗುವುದು ಆ ರೂಪದಲ್ಲಿ ಮಾತ್ರ. ಹೀಗೆ ತಡೆದಿಟ್ಟ ಹಣ ಬೆಳೆಯಬೇಕು ಎಂಬುದನ್ನು ಭಾರತದ ಸುಪ್ರೀಂ ಕೋರ್ಟ್ ನೇರವಾಗಿಯೇ ಗುರುತಿಸಿತು. ಲಾಕ್‌ಡೌನ್‌ನಲ್ಲಿ ರದ್ದಾದ ವಿಮಾನಗಳ ಟಿಕೆಟ್ ಹಣವನ್ನು ಹಣದ ಮುಗ್ಗಟ್ಟಿನ ಕಂಪನಿಗಳು ತಕ್ಷಣ ಕೊಡಲಾಗದಿದ್ದರೆ 'ಕ್ರೆಡಿಟ್ ಶೆಲ್' ಆಗಿ ಇಟ್ಟುಕೊಳ್ಳಬಹುದು, ಆದರೆ 2020ರ ಜೂನ್ 30ರವರೆಗೆ ತಿಂಗಳಿಗೆ ಶೇ 0.5, ಆಮೇಲೆ 2021ರ ಮಾರ್ಚ್ 31ರವರೆಗೆ ಶೇ 0.75 ಸೇರಿಸುತ್ತ ಹೋಗಬೇಕು, ಆ ತಾರೀಖಿಗೆ ಬಳಸದೆ ಉಳಿದದ್ದನ್ನು ವಾಪಸು ಕೊಡಬೇಕು ಎಂದು 2020ರ ಅಕ್ಟೋಬರ್ 1ರ ಆದೇಶ. ಬೆಂಗಳೂರಿನಲ್ಲಿರುವ ಅಕ್ಕ-ಭಾವನ ದಿಲ್ಲಿ ಟಿಕೆಟ್ ಹೀಗೆ ಸಿಕ್ಕಿಕೊಂಡಿತ್ತು. 'ನಿನ್ನ ಕರಡಿಯವನು ಎಷ್ಟು ಬಡ್ಡಿ ಕೊಡುತ್ತಾನೋ?' ಎಂದು ಅಕ್ಕ ಫೋನಿನಲ್ಲಿ ಕೇಳಿದಳು. ಕರಡಿಯವರಿಗೆ ಅಂಥ ಕೋರ್ಟಿಲ್ಲ. ಕೇಳಿ ಪಡೆದದ್ದಷ್ಟೇ ನಮ್ಮದು.

ಹಳೆಯ ದರ ಹಿಡಿದರೂ ಒಂದು ಬಾಗಿಲು ತೆರೆದೇ ಇತ್ತು, ಅದು ವಿನಿಮಯ ದರ. ಉಳಿದ 2,500 ಕೊಡಬೇಕಾದದ್ದು ಕೆನಡಾ ಡಾಲರ್‌ನಲ್ಲಿ. 2020ರ ಮಾರ್ಚ್ ಗಾಬರಿಯಲ್ಲಿ ಒಂದು ಅಮೆರಿಕನ್ ಡಾಲರ್‌ಗೆ 1.45 ಕೆನಡಾ ಡಾಲರ್ ಸಿಗುತ್ತಿತ್ತು. ಆ ಲೆಕ್ಕದಲ್ಲಿ ನನ್ನ ಬಾಕಿ 1,724 ಡಾಲರ್. 2021ರ ಜೂನ್ ಮೊದಲ ವಾರ ದರ 1.21ಕ್ಕೆ ಇಳಿದಾಗ ಅದೇ ಬಾಕಿ 2,066. ಕರಡಿ ಅದೇ, ಕ್ಯಾಂಪ್ ಅದೇ, 342 ಡಾಲರ್ ಹೆಚ್ಚು. ಅನೇಕ ಕೆನಡಾ ಔಟ್‌ಫಿಟರ್‌ಗಳು ಅಮೆರಿಕನ್ ಡಾಲರ್‌ನಲ್ಲೇ ದರ ಹೇಳುತ್ತಾರೆ, ಆಗ ಈ ಏರಿಳಿತ ಅವರ ತಲೆಗೆ. ದರಪಟ್ಟಿಯಲ್ಲಿ ಬರಿಯ ಡಾಲರ್ ಚಿಹ್ನೆ ಇದ್ದರೆ ಯಾವ ದೇಶದ ಡಾಲರ್ ಎಂದು ಕೇಳುವುದು ಜಿಪುಣತನವಲ್ಲ. ನಾನು ಬೇಕಾದ ಮೊತ್ತವನ್ನು ಒಂದೇ ಸಲಕ್ಕೆ ಕೊಳ್ಳದೆ, ದರ ಚೆನ್ನಾಗಿದ್ದಾಗ ಸ್ವಲ್ಪ ಸ್ವಲ್ಪ ಕೆನಡಾ ಡಾಲರ್ ಮಾಡಿಟ್ಟುಕೊಂಡೆ. ದೊಡ್ಡ ಲಾಭವೇನಲ್ಲ, ಪೆಟ್ರೋಲ್ ಖರ್ಚಿನಷ್ಟು ಉಳಿಯಿತು.

ನಮ್ಮ ಜೊತೆ ಬರಬೇಕಿದ್ದ ಕನ್ನಡದ ಗೆಳೆಯನೊಬ್ಬ ಎಚ್-1ಬಿ ವೀಸಾದವನು. ಕೋವಿ ಹಿಡಿಯುವವನಲ್ಲ, ಕ್ಯಾಮೆರಾ ಹಿಡಿದು ಜೊತೆಗೆ ಕೂರುವವನು. ಅಂಥವರಿಗೂ ಔಟ್‌ಫಿಟರ್‌ಗಳು ಒಂದು ದರ ಇಟ್ಟಿರುತ್ತಾರೆ. ಗಡಿ ತೆರೆಯಿತು ಎಂದು ಸುದ್ದಿವಾಹಿನಿಗಳು ಕೂಗಿದ ಆಗಸ್ಟ್ 9 ಅಮೆರಿಕದ ಪ್ರಜೆಗಳಿಗೂ ಗ್ರೀನ್ ಕಾರ್ಡ್‌ನವರಿಗೂ ಮಾತ್ರ. ಉಳಿದ ವಿದೇಶಿಯರಿಗೆ ಸೆಪ್ಟೆಂಬರ್ 7. ಅದಾದ ಮೇಲೂ ಭಾರತದ ಪಾಸ್‌ಪೋರ್ಟಿನವನಿಗೆ ಕೆನಡಾದ ವೀಸಾ ಬೇಕು, ಅದರ ಅರ್ಜಿಗಳು ತಿಂಗಳುಗಟ್ಟಲೆ ಕೊಳೆಯುತ್ತಿದ್ದವು. ಗಡಿ ಎಲ್ಲರಿಗೂ ಒಂದೇ ದಿನ ತೆರೆಯುವುದಿಲ್ಲ ಎಂಬುದನ್ನು ಮುಂಗಡದ ಕರಾರು ಬರೆಯುವವರು ಯೋಚಿಸಿರಲಿಲ್ಲ, ನಾವೂ ಯೋಚಿಸಿರಲಿಲ್ಲ. ವರ್ಗಾವಣೆಯ ಹಕ್ಕು ಕೇಳಿಟ್ಟದ್ದು ಅವನಿಗೆ ಉಪಯೋಗಕ್ಕೆ ಬಂತು. ಅವನ ಜಾಗವನ್ನು ಫಾರ್ಗೋದ ಪರಿಚಯದವರೊಬ್ಬರು ಪೂರ್ತಿ ಹಣ ಕೊಟ್ಟು ಕೊಂಡರು.

ಇನ್ನೊಬ್ಬ ಸಹೋದ್ಯೋಗಿ, ಬೇರೊಂದು ಕ್ಯಾಂಪಿಗೆ ಕಟ್ಟಿದ್ದವನು, ಮೊದಲ ದಿನದಿಂದಲೇ ವಾಪಸು ಕೊಡಿ ಎಂದು ಹಟ ಹಿಡಿದಿದ್ದ. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಸಿಕ್ಕಿತು. ನಮ್ಮನ್ನೆಲ್ಲ ಪೆದ್ದರು ಎಂದ. ಅವನ ಔಟ್‌ಫಿಟರ್ 2021ರ ಬೇಸಿಗೆಯಲ್ಲಿ ಬಾಗಿಲು ಮುಚ್ಚಿದ್ದರಿಂದ ಅವನ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಅದೇ ಹಣ ಹಿಡಿದು 2022ಕ್ಕೆ ಮತ್ತೆ ಬುಕ್ ಮಾಡಲು ಹೋದಾಗ ಎಲ್ಲ ಕಡೆ ದರ ಏರಿತ್ತು, ಹಳೆಯ ಗಿರಾಕಿಗಳೇ ತುಂಬಿದ್ದರು. ನಾನು ಕೊಟ್ಟ ಸಾಲಕ್ಕೆ ಬಡ್ಡಿ ಬಂದದ್ದು ಆಗ. 2020ರಲ್ಲಿ ಆ 2,500 ವಾಪಸು ಬಂದಿದ್ದರೆ ಸಾಮಾನ್ಯ ಉಳಿತಾಯ ಖಾತೆಯಲ್ಲಿ ಶೇ 1 ಕೂಡ ಹುಟ್ಟುತ್ತಿರಲಿಲ್ಲ.

2022ರ ಮೇ ತಿಂಗಳಲ್ಲಿ ಪೆಂಬಿನಾ-ಎಮರ್ಸನ್ ಗಡಿ ದಾಟಿದೆವು. ಏಪ್ರಿಲ್ 1ರಿಂದ ಲಸಿಕೆ ಪಡೆದವರಿಗೆ ಕೋವಿಡ್ ಪರೀಕ್ಷೆ ಬೇಕಿರಲಿಲ್ಲ, ಅರೈವ್‌ಕ್ಯಾನ್ ಆ್ಯಪ್‌ನಲ್ಲಿ ವಿವರ ಮಾತ್ರ ತುಂಬಬೇಕಿತ್ತು. ಕೋವಿ ಘೋಷಣೆಗೆ 25 ಕೆನಡಾ ಡಾಲರ್. ಪೆಟ್ರೋಲ್ ಬೆಲೆ ಏರುತ್ತಲೇ ಇತ್ತು, ಜೂನ್‌ನಲ್ಲಿ ಅಮೆರಿಕದ ಸರಾಸರಿ ಗ್ಯಾಲನ್‌ಗೆ 5 ಡಾಲರ್ ದಾಟಿತು. ಕ್ಯಾಂಪಿನ ಒಡತಿ ಲೆಕ್ಕದ ಪುಸ್ತಕ ತಂದು, ಇಂಧನದ ಬಾಬ್ತು ತಲೆಗೆ 200 ಸೇರಿಸಬಹುದೇ ಎಂದು ಕೇಳಿದಳು. ನನ್ನ ಇ-ಮೇಲ್ ಪ್ರಕಾರ ಕೊಡಬೇಕಿರಲಿಲ್ಲ, ಅದು ಆಕೆಗೂ ಗೊತ್ತಿತ್ತು. ಕೊಟ್ಟೆ. ಕರಾರು ಇದ್ದದ್ದರಿಂದಲೇ ಅದು ಕೇಳುವ ಮಾತಾಯಿತು, ಬಿಲ್ಲಿನ ಅಡಿಯಲ್ಲಿ ಕಾಣಿಸಿಕೊಳ್ಳುವ ಅಂಕಿಯಾಗಲಿಲ್ಲ. ನನ್ನ ಹೆಂಡತಿ ಇದನ್ನು ಒಪ್ಪುವುದಿಲ್ಲ. ಕರಾರು ಮಾಡಿಕೊಂಡಿದ್ದು ಮತ್ತೇಕೆ ಎನ್ನುತ್ತಾಳೆ.

ಮೊನ್ನೆ ಕ್ಯಾಂಪಿನವರ ಹೊಸ ಕರಾರುಪತ್ರ ಬಂತು. ಗಡಿ ಮುಚ್ಚಿದರೆ ಏನು ಎಂಬುದಕ್ಕೆ ಈಗ ಒಂದು ಪ್ರತ್ಯೇಕ ಕಲಮು ಇದೆ: ಒಂದು ಸಲ ಮುಂದೂಡಿಕೆ ಅದೇ ದರಕ್ಕೆ, ಎರಡನೆಯ ಸಲವೂ ಮುಚ್ಚಿದ್ದರೆ ಅರ್ಧ ವಾಪಸು. ಗಡಿ ಎಂದರೆ ಯಾವ ಪಾಸ್‌ಪೋರ್ಟಿನವನ ಪಾಲಿಗೆ ಎಂದು ಅದರಲ್ಲಿ ಬರೆದಿಲ್ಲ. ಅದೊಂದನ್ನು ಸೇರಿಸಿ ಎಂದು ಬರೆದಿದ್ದೇನೆ. ಗಂಡ ಉತ್ತರಿಸಿದ್ದಾನೆ, ಹೆಂಡತಿಯನ್ನು ಕೇಳಿ ಹೇಳುತ್ತಾನಂತೆ.