ಮೀಟರಿನ ಹೊಗಳಿಕೆಗೆ ಮರುಳಾಗಬೇಡಿ

ಹೊಸ ವಿಯು3 ಕಾಲ್‌ಸೈನ್ ಕೈಗೆ ಬಂದದ್ದೇ ತಡ, ನಮ್ಮ ಹುಡುಗ ಹುಡುಗಿಯರು ರಿಗ್ ಕೊಳ್ಳಲು ಓಡುತ್ತಾರೆ. ಆ್ಯಂಟೆನಾ ಯಾವುದಿರಲಿ ಎಂದು ನಾಲ್ಕು ಜನರನ್ನು ಕೇಳುತ್ತಾರೆ. ನಡುವಿನ ಕೇಬಲ್ ಮಾತ್ರ ಯಾರದೋ ಅಟ್ಟದಿಂದ ಇಳಿಸಿದ್ದು. “ಎಸ್‌ಡಬ್ಲ್ಯುಆರ್ 1.2 ಇದೆ ಸಾರ್” ಎಂದು ಬೀಗುತ್ತಾರೆ. ಹಳೇ ಕೇಬಲ್ಲಿನಲ್ಲಿ ಅಷ್ಟು ಒಳ್ಳೆಯ ಅಂಕಿ ಕಂಡರೆ ನನಗೆ ಮೊದಲು ಹುಟ್ಟುವುದು ಅನುಮಾನ.

ಮೀಟರ್ ಲೆಕ್ಕ ಹಾಕುವುದು ಆ್ಯಂಟೆನಾದಿಂದ ವಾಪಸು ಬಂದದ್ದನ್ನು. ಹಾಳಾದ ಕೇಬಲ್ ಹೋಗುವಾಗಲೂ ನುಂಗುತ್ತದೆ, ಬರುವಾಗಲೂ ನುಂಗುತ್ತದೆ. ವಾಪಸು ತಲುಪಿದ್ದು ಚೂರೇ ಆದ್ದರಿಂದ ಮೀಟರ್ ಎಲ್ಲ ಸರಿಯಿದೆ ಎನ್ನುತ್ತದೆ. 3 ಡಿಬಿ ನಷ್ಟವಾದರೆ ನೀವು ಕಳಿಸಿದ 50 ವಾಟಿನಲ್ಲಿ ಆ್ಯಂಟೆನಾ ಮುಟ್ಟುವುದು 25. ಉಳಿದದ್ದು ಕೇಬಲ್ಲನ್ನು ಬಿಸಿ ಮಾಡಿತು.

ನಿಜ ತಿಳಿಯಬೇಕೆ? ಆ್ಯಂಟೆನಾ ಬಿಚ್ಚಿ, ಆ ತುದಿಯನ್ನು ಶಾರ್ಟ್ ಮಾಡಿ, ಕೆಳಗಿನಿಂದ ಅನಲೈಜರ್ ಹಾಕಿ ನೋಡಿ. ರಿಗ್‌ನಿಂದ ಪವರ್ ಕೊಡಬೇಡಿ, ಫೈನಲ್ಸ್ ಹೋದಾವು. ನಷ್ಟವೇ ಇಲ್ಲದ ಕೇಬಲ್ಲಾದರೆ ಎಸ್‌ಡಬ್ಲ್ಯುಆರ್ ಅಳತೆಗೇ ಸಿಗದಷ್ಟು ಮೇಲೆ ಹೋಗಬೇಕು. 3ರಲ್ಲಿ ನಿಂತರೆ ಒಂದು ದಾರಿಯ ನಷ್ಟವೇ 3 ಡಿಬಿ. ಹಾಗೆಂದು ಗಾಬರಿ ಬೇಡ: 144 ಮೆಗಾಹರ್ಟ್ಸ್‌ನಲ್ಲಿ ಹೊಚ್ಚಹೊಸ ಆರ್‌ಜಿ-58 ಕೂಡ 30 ಮೀಟರಿಗೆ ಸುಮಾರು 6 ಡಿಬಿ ತಿನ್ನುತ್ತದೆ, ಆರ್‌ಜಿ-213 ಅದರ ಅರ್ಧದಷ್ಟು. ಅದಕ್ಕೇ ಕೇಬಲ್ ತಂದ ದಿನವೇ ಅಳೆದು ಲಾಗ್ ಪುಸ್ತಕದಲ್ಲಿ ಬರೆದಿಡಿ ಎನ್ನುವುದು.

ಕೇಬಲ್ಲಿಗೆ ಮುಪ್ಪು ತರುವುದರಲ್ಲಿ ನೀರೇ ಮುಂದು. ಪಿಎಲ್-259 ಕನೆಕ್ಟರ್ ನೀರು ತಡೆಯುವಂಥದ್ದಲ್ಲ. ಕರಾವಳಿ, ಮಲೆನಾಡಿನ ಮಳೆಯಲ್ಲಿ ಒಂದು ಹನಿ ಒಳಗಿಳಿದರೆ ತಾಮ್ರದ ಹೆಣಿಗೆ ಅದನ್ನು ಹೀರಿಕೊಂಡು ಉದ್ದಕ್ಕೂ ಎಳೆಯುತ್ತದೆ. ತುದಿಯಲ್ಲಿ ಒಂದಿಂಚು ಸಿಪ್ಪೆ ಸುಲಿದು ನೋಡಿ: ಹೊಳೆಯಬೇಕಾದ ಎಳೆಗಳು ಕಪ್ಪಾಗಿರುತ್ತವೆ, ಅಲ್ಲಲ್ಲಿ ಹಸಿರು ಕಿಲುಬು, ಬೆರಳಲ್ಲಿ ತಿಕ್ಕಿದರೆ ಪುಡಿ. ಇನ್ನೊಂದು ರೋಗ ಕಣ್ಣಿಗೆ ಬೀಳದು. ಅಗ್ಗದ ಪಿವಿಸಿ ಹೊದಿಕೆ ಮೆತ್ತಗಿರಲೆಂದು ಬೆರೆಸಿದ ಪ್ಲಾಸ್ಟಿಸೈಜರ್ ವರ್ಷ ಕಳೆದಂತೆ ಒಳಗಿನ ಪಾಲಿಥಿಲೀನಿಗೆ ಇಳಿಯುತ್ತದೆ. ಮೇಲ್ನೋಟಕ್ಕೆ ಕೇಬಲ್ ಹೊಸದರಂತೆಯೇ ಇರುತ್ತದೆ. ಕೊಳ್ಳುವಾಗ ‘ನಾನ್-ಕಂಟಾಮಿನೇಟಿಂಗ್’ ಹೊದಿಕೆಯೇ ಎಂದು ಕೇಳಿ.

ಕನೆಕ್ಟರಿಗೆ ಸೆಲ್ಫ್-ಅಮಾಲ್ಗಮೇಟಿಂಗ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ. ಹೆಂಚಿನ ಮಾಡಿನ ಹಾಗೆ ಮೇಲಿನ ಸುತ್ತು ಕೆಳಗಿನದರ ಮೇಲೆ ಕೂತರೆ ನೀರು ಜಾರಿ ಹೋಗುತ್ತದೆ. ಕೇಬಲ್ ಗೋಡೆ ಹೊಗುವ ಮುನ್ನ ಕೆಳಗೆ ಜೋತುಬಿದ್ದ ಒಂದು ಸುರುಳಿ ಇರಲಿ.

ಹೆಣಿಗೆ ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಸಿಗುವತನಕ ಕತ್ತರಿಸುತ್ತಾ ಹೋಗಿ. ಮೂರು ನಾಲ್ಕು ಅಡಿ ಹೋದರೂ ಸಿಗಲಿಲ್ಲವೋ, ಗುಜರಿಗೆ ಹಾಕಿ. ಇನ್ನೊಬ್ಬ ಹೊಸಬನಿಗೆ ದಾನ ಮಾಡಬೇಡಿ.