ಶೀಟು ಒಡೆದ ಮೇಲೆ ನಿದ್ದೆ ಬರುತ್ತಿಲ್ಲ

ಪ್ರಶ್ನೆ: ನಮ್ಮ ಮನೆ ಬಸವೇಶ್ವರನಗರದಲ್ಲಿ. ತಾರಸಿಯ ಮೇಲೆ ಮಾವನವರ ಕಾಲದ ಸಿಮೆಂಟ್ ಶೀಟಿನ ರೂಮಿದೆ. ಕೂಲಿ ಉಳಿಸೋಣ ಅಂತ ಹೋದ ಭಾನುವಾರ ನಮ್ಮ ಯಜಮಾನರೇ ಸುತ್ತಿಗೆ ಹಿಡಿದು ಎರಡು ಶೀಟು ಒಡೆದು ತೆಗೆದರು. ಮೊಮ್ಮಗ ಅಲ್ಲೇ ಆಡುತ್ತಿದ್ದ. ಆ ಧೂಳಿನಿಂದ ಕ್ಯಾನ್ಸರ್ ಬರುತ್ತದೆ ಅಂತ ಆಮೇಲೆ ತಿಳಿಯಿತು. ಮಗು ಕೆಮ್ಮಿದರೂ ಎದೆ ಝಲ್ ಎನ್ನುತ್ತದೆ. ಯಜಮಾನರು ‘ಮೂವತ್ತು ವರ್ಷ ಅದರ ಕೆಳಗೇ ಇದ್ದೆವಲ್ಲ’ ಎಂದು ನಗುತ್ತಾರೆ. ಉಳಿದ ಶೀಟುಗಳನ್ನು ನಾವೇ ತೆಗೆಯಬಹುದೇ? ಯಾರನ್ನಾದರೂ ಕರೆಸಬೇಕೇ?

ಉತ್ತರ: ಮೊಮ್ಮಗನ ವಿಷಯ ಅಂದಮೇಲೆ ಯಾವ ಅಜ್ಜಿಗೆ ನಿದ್ದೆ ಬಂದೀತು? ನಿಮ್ಮ ಭಯ ಹುಚ್ಚಲ್ಲ. ಹಳೆಯ ಸಿಮೆಂಟ್ ಶೀಟಿನಲ್ಲಿ ಸಾಮಾನ್ಯವಾಗಿ ಆಸ್‌ಬೆಸ್ಟಾಸ್, ಅಂದರೆ ಕಲ್ನಾರು, ಬೆರೆತಿರುತ್ತದೆ. ಎಲ್ಲ ಬಗೆಯ ಆಸ್‌ಬೆಸ್ಟಾಸೂ ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಹಾಗೆಂದು ನಿಮ್ಮ ಯಜಮಾನರ ಮಾತೂ ಪೂರ್ತಿ ಸುಳ್ಳಲ್ಲ. ಶೀಟು ಗಟ್ಟಿಯಾಗಿರುವಾಗ ಕಲ್ನಾರಿನ ಎಳೆಗಳು ಸಿಮೆಂಟಿನೊಳಗೆ ಸಿಕ್ಕಿಕೊಂಡಿರುತ್ತವೆ, ಅದರ ಕೆಳಗೆ ಮಲಗಿದವರಿಗೆ ಅಪಾಯ ಕಡಿಮೆ. ಒಡೆದಾಗ, ಕೊಯ್ದಾಗ, ಡ್ರಿಲ್ ಹಾಕಿದಾಗಲೇ ಆ ಎಳೆಗಳು ಹೆಚ್ಚಾಗಿ ಗಾಳಿಗೆ ಬರುವುದು. ಮೂವತ್ತು ವರ್ಷ ಆಗದ್ದು ಆ ಭಾನುವಾರ ಆಯಿತು, ಅಷ್ಟೇ ವ್ಯತ್ಯಾಸ.

ಆದರೆ ಆದದ್ದು ಎಷ್ಟು ಎಂದು ಅಳೆಯೋಣ. ಈ ಕಾಯಿಲೆಗಳು ಹೆಚ್ಚಾಗಿ ಕಾಣುವುದು ವರ್ಷಗಟ್ಟಲೆ ಆ ಧೂಳಿನಲ್ಲೇ ದುಡಿದವರಲ್ಲಿ, ಅದೂ ದಶಕಗಳ ನಂತರ. ಅದಕ್ಕೇ 1995ರಲ್ಲಿ ಸುಪ್ರೀಂ ಕೋರ್ಟ್, ಕಲ್ನಾರು ಕಾರ್ಖಾನೆಗಳು ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕನಿಷ್ಠ 40 ವರ್ಷ ಇಟ್ಟಿರಬೇಕು ಎಂದದ್ದು. ಇಷ್ಟರವರೆಗೆ ಸುರಕ್ಷಿತ ಎಂಬ ಗೆರೆ ಯಾರೂ ಎಳೆದಿಲ್ಲ, ನಿಜ. ಆದರೂ ಒಂದು ದಿನ, ಬಯಲು ತಾರಸಿಯಲ್ಲಿ ತಾಗಿದ ಧೂಳಿನ ಅಪಾಯ ಬಹಳ ಸಣ್ಣದು. ಮೊಮ್ಮಗನ ಈಗಿನ ಕೆಮ್ಮಿಗೂ ಇದಕ್ಕೂ ಸಂಬಂಧ ಹುಡುಕಬೇಡಿ. ಎಕ್ಸ್‌ರೇ ತೆಗೆಸಿದರೆ ಈಗ ಏನೂ ಕಾಣುವುದಿಲ್ಲ. ಮಕ್ಕಳ ಡಾಕ್ಟರ ಬಳಿ ಒಮ್ಮೆ ಹೇಳಿಕೊಂಡು ಬನ್ನಿ, ಸಾಕು.

ಇನ್ನು ನಿಮ್ಮ ಪ್ರಶ್ನೆ. ನೀವೇ ತೆಗೆಯಬೇಡಿ. ಧೂಳಿಗಿಂತ ಮೊದಲಿನ ಭಯ ಬೀಳುವುದು: ಹಳೆಯ ಶೀಟು ಕಾಲಿಟ್ಟ ಕಡೆ ಕುಸಿಯುತ್ತದೆ. ಕೆಲವು ದೇಶಗಳಲ್ಲಿ ಈ ಕೆಲಸಕ್ಕೆ ಪರವಾನಗಿ ಪಡೆದವರಿದ್ದಾರೆ. ನಮ್ಮಲ್ಲಿ ‘ಯಾರನ್ನಾದರೂ ಕರೆಸುವುದು’ ಎಂದರೆ ಸಾಮಾನ್ಯವಾಗಿ ಮೇಸ್ತ್ರಿ ಕರೆತರುವ, ಮುಖಕ್ಕೆ ಟವೆಲ್ ಸುತ್ತಿಕೊಂಡ ಹುಡುಗರು. ಅವರು ಈ ವಾರ ವಿಜಯನಗರದಲ್ಲಿ, ಮುಂದಿನ ವಾರ ಕೆಂಗೇರಿಯಲ್ಲಿ ಇದೇ ಧೂಳು ಕುಡಿಯುತ್ತಾರೆ. ವರ್ಷಗಟ್ಟಲೆ ದುಡಿದವರು ಎಂದೆನಲ್ಲ, ಅವರು ಇವರೇ. ದುಡ್ಡು ಕೊಟ್ಟ ಮಾತ್ರಕ್ಕೆ ಅಪಾಯ ಹೋಗಲಿಲ್ಲ, ನಿಮ್ಮ ಮನೆಯಿಂದ ಅವರ ಮನೆಗೆ ದಾಟಿತು.

ಆದ್ದರಿಂದ ಅವಸರ ಬೇಡ. ಉಳಿದ ಶೀಟು ಬಿರುಕಿಲ್ಲದೆ ಗಟ್ಟಿಯಾಗಿದ್ದರೆ ಇರಲಿ ಬಿಡಿ. ತೆಗೆಸಲೇಬೇಕಾದರೆ ಶೀಟಿನ ಕೆಲಸ ತಿಳಿದ ಮೇಸ್ತ್ರಿಯನ್ನು ಹಿಡಿದು, ಮೊದಲೇ ಮಾತಾಡಿಕೊಳ್ಳಿ: ಸುತ್ತಿಗೆ ಮುಟ್ಟಕೂಡದು, ಶೀಟಿನ ಮೇಲೆ ಹತ್ತಕೂಡದು, ನೀರು ಚಿಮುಕಿಸಿ ನೆನೆಸಿ, ಬೋಲ್ಟ್ ಬಿಚ್ಚಿ ಇಡಿಯಾಗಿ ಇಳಿಸಬೇಕು. ಎಫ್‌ಎಫ್‌ಪಿ 3 ಅಥವಾ ಪಿ 100 ಮಾಸ್ಕನ್ನು ನೀವೇ ತಂದುಕೊಡಿ. ಆ ದಿನ ಮಗು ಮನೆಯಲ್ಲಿರುವುದು ಬೇಡ. ಈಗ ಬಿದ್ದಿರುವ ಪುಡಿಯನ್ನು ಪೊರಕೆಯಿಂದ ಗುಡಿಸದೆ, ಮಾಸ್ಕ್ ಹಾಕಿಕೊಂಡೇ ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆ ಸಮೇತ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಕಟ್ಟಿಡಿ. ಚೂರುಗಳಿಗೂ ಅದೇ. ಖಾಲಿ ಸೈಟಿಗೋ ವೃಷಭಾವತಿ ದಂಡೆಗೋ ಆಟೋದಲ್ಲಿ ಸಾಗಿಸಬೇಡಿ. ಎಲ್ಲಿಗೆ ಕೊಡಬೇಕೆಂದು ಪಾಲಿಕೆಯ ವಾರ್ಡ್ ಕಚೇರಿಯಲ್ಲಿ ಕೇಳಿ. ಅಲ್ಲಿ ಉತ್ತರ ಸಿಗದಿದ್ದರೆ ಚರ್ಚ್ ಸ್ಟ್ರೀಟಿನ ಪರಿಸರ ಭವನದಲ್ಲಿರುವ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆದು ಕೇಳಿ. ಓಡಾಟ ಆಗಬಹುದು, ಬೇಸರಪಡಬೇಡಿ.

ಯಜಮಾನರ ನಗುವಿನ ಹಿಂದೆಯೂ ಅಳುಕು ಇರಬಹುದು. ‘ನೀವು ತಪ್ಪು ಮಾಡಿದಿರಿ’ ಎಂದರೆ ಮನುಷ್ಯ ಇನ್ನೂ ಬಿಗಿಯುತ್ತಾನೆ. ‘ಉಳಿದದ್ದನ್ನು ಇಬ್ಬರೂ ಕೂತು ಯೋಚಿಸೋಣ’ ಎಂದು ನೋಡಿ. ಅವರು ಬೀಡಿ, ಸಿಗರೇಟು ಸೇದುವವರಾದರೆ ಬಿಡಿಸಲು ಇದೇ ಸಮಯ. ಕಲ್ನಾರಿನ ಧೂಳಿಗೆ ಹೊಗೆ ಸೇರಿದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಬಹಳ ಏರುತ್ತದೆ.

ಶೀಟ್ ಮನೆಗಳಲ್ಲಿ ಬಾಡಿಗೆಗೆ ಇರುವ ಓದುಗರೂ ಫ್ಯಾನಿಗೆಂದು, ವೈರಿಗೆಂದು ಶೀಟಿಗೆ ತೂತು ಕೊರೆಯಬೇಡಿ.

ಮತ್ತೆ ನಿಮಗೆ: ಎರಡು ವಾರ ಕಳೆದರೂ ನಿದ್ದೆ ಬಾರದಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.